ಶುಕ್ರವಾರ ನೋಡಿದ ಸಿನಿಮಾ, ಭಾನುವಾರದೊಳಗೆ ಒಂದು ಮಾತು

2025ರ ಜುಲೈ 25ರಂದು ‘ಸು ಫ್ರಮ್ ಸೋ’ ತೆರೆಗೆ ಬಂತು. ನಿರ್ದೇಶಕ ಜೆ.ಪಿ. ತುಮಿನಾಡ್ ಅವರಿಗೆ ಅದು ಮೊದಲ ಸಿನಿಮಾ. ದೊಡ್ಡ ಸ್ಟಾರ್ ಹೆಸರಿನ ಬಲದ ಮೇಲೆ ಓಡುವಂಥದ್ದೂ ಅಲ್ಲ. ನೋಡಿ ಬಂದವರು ಮನೆಯಲ್ಲಿ, ಆಫೀಸಿನಲ್ಲಿ, ಅಂಗಡಿ ಮುಂದೆ ನಿಂತು ಹೇಳಿದರು. ಕೆಲವೇ ದಿನಗಳಲ್ಲಿ ಟಿಕೆಟ್ ಸಿಗುವುದೇ ಕಷ್ಟವಾಯಿತು. ಬಾಯಿಮಾತಿಗೆ ಅಷ್ಟು ಶಕ್ತಿಯಿದೆ.

ಆದರೆ ‘ಸೂಪರ್, ಹೋಗಿ ನೋಡು’ ಎಂದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಅಂಕ ಕೊಡುವುದು ಸಿನಿಮಾಕ್ಕೆ, ಶಿಫಾರಸು ಮಾಡುವುದು ಒಬ್ಬ ಮನುಷ್ಯನಿಗೆ. ಈ ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಲು ಕಲಿತರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಹೊಸಬರಿಗಾಗಿ ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹಂತ 1: ಹೋಗುವ ಮುನ್ನ ಅಂಕ ನೋಡಬೇಡಿ

ಟ್ರೇಲರ್ ಸಾಕು. ಟಿಕೆಟ್ ಆ್ಯಪ್‌ನಲ್ಲಿ ಹತ್ತಕ್ಕೆ ಒಂಬತ್ತೂವರೆ ಎಂದು ಕಂಡ ಮೇಲೆ ನಿಮ್ಮ ಕಣ್ಣು ನಿಮ್ಮದಾಗಿ ಉಳಿಯುವುದಿಲ್ಲ. ಆ ಅಂಕಿಗಳ ಅರ್ಥವೂ ಒಂದೇ ಅಲ್ಲ. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ಜಾಲತಾಣದಲ್ಲಿ ಶೇ 90 ಎಂದರೆ ಹತ್ತಕ್ಕೆ ಒಂಬತ್ತು ಎಂದಲ್ಲ, ನೂರು ವಿಮರ್ಶಕರಲ್ಲಿ ತೊಂಬತ್ತು ಮಂದಿ ಒಟ್ಟಾರೆ ಚೆನ್ನಾಗಿದೆ ಎಂದಿದ್ದಾರೆ ಎಂದಷ್ಟೇ. ಆ ತೊಂಬತ್ತು ಜನರೂ ಐದಕ್ಕೆ ಮೂರೇ ಕೊಟ್ಟಿರಬಹುದು.

ಹಂತ 2: ಎರಡು ಸಲ ಬರೆದುಕೊಳ್ಳಿ

ನಮ್ಮ ಸಿನಿಮಾಗಳಿಗೆ ಇಂಟರ್‌ವಲ್ ಎಂಬ ನಡುಗಂಬ ಇದೆ. ಕಥೆ ಕಟ್ಟುವವರೂ ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಕಟ್ಟುತ್ತಾರೆ. ಆದ್ದರಿಂದ ಪಾಪ್‌ಕಾರ್ನ್ ಸಾಲಿನಲ್ಲಿ ನಿಂತಿರುವಾಗಲೇ ಮೊದಲಾರ್ಧದ ಬಗ್ಗೆ ಒಂದು ಸಾಲು ಬರೆದುಬಿಡಿ. ಸಿನಿಮಾ ಮುಗಿದ ಮೇಲೆ ಮೂರು ಸಾಲು: ಯಾವ ದೃಶ್ಯ ಇನ್ನೂ ಕಣ್ಣಮುಂದಿದೆ? ಗಡಿಯಾರ ನೋಡಿದ್ದು ಎಲ್ಲಿ? ದ್ವಿತೀಯಾರ್ಧ ಮೊದಲಿನ ಮಾತನ್ನು ಉಳಿಸಿಕೊಂಡಿತೇ? ಬೇರೆಯವರ ಅಭಿಪ್ರಾಯ ಓದುವುದಕ್ಕೆ ಮುಂಚೆ ಇದು ಆಗಬೇಕು. ಗಡಿಯಾರದ ಪ್ರಶ್ನೆಯನ್ನು ಮರೆಯಬೇಡಿ. ಸಂಕಲನದ ಬಗ್ಗೆ ಪುಟಗಟ್ಟಲೆ ಬರೆಯುವುದಕ್ಕಿಂತ ‘ಎರಡನೇ ಹಾಡಿನ ಹೊತ್ತಿಗೆ ಫೋನ್ ತೆಗೆದೆ’ ಎಂಬ ಒಂದು ಮಾತು ಹೆಚ್ಚು ಹೇಳುತ್ತದೆ.

ಹಂತ 3: ಟಾಕೀಸಿನ ತಪ್ಪನ್ನು ಸಿನಿಮಾದ ಮೇಲೆ ಹಾಕಬೇಡಿ

2022ರಲ್ಲಿ ‘ಕಾಂತಾರ’ವನ್ನು ನಾನು ಮೊದಲು ನೋಡಿದ ಕಡೆ ಪರದೆ ಮಂಕಾಗಿತ್ತು, ಒಂದು ಬದಿಯ ಸ್ಪೀಕರ್ ಸತ್ತೇಹೋಗಿತ್ತು. ಕೊನೆಯ ಇಪ್ಪತ್ತು ನಿಮಿಷ ‘ಪರವಾಗಿಲ್ಲ’ ಅನ್ನಿಸಿತು, ಹಾಗೇ ನಾಲ್ಕು ಜನಕ್ಕೆ ಹೇಳಿಯೂ ಬಿಟ್ಟೆ. ವಾರದ ನಂತರ ಬೇರೆ ಊರಿನಲ್ಲಿ ಮತ್ತೆ ನೋಡಿದಾಗ ಅಜನೀಶ್ ಲೋಕನಾಥ್ ಅವರ ಹಿನ್ನೆಲೆ ಸಂಗೀತ ನಾಲ್ಕೂ ಕಡೆಯಿಂದ ಬಂದು ಎದೆಗೇ ತಟ್ಟಿತು. ಮೊದಲು ಹೇಳಿದ ನಾಲ್ವರಿಗೂ ಫೋನ್ ಮಾಡಿ ಮಾತು ತಿದ್ದಿಕೊಂಡೆ. ಅಂದಿನಿಂದ ಪರದೆ, ಧ್ವನಿ, ಪಕ್ಕದವರ ಗಲಾಟೆ, ಖಾಲಿ ಹೊಟ್ಟೆ ಇವನ್ನೆಲ್ಲ ಬೇರೆಯಾಗಿ ಬರೆದಿಡುತ್ತೇನೆ.

ಹಂತ 4: ಅದು ಏನು ಮಾಡಲು ಹೊರಟಿತ್ತು?

ರಾಮ್ ರೆಡ್ಡಿ ಅವರ ‘ತಿಥಿ’ ಮಂಡ್ಯ ಕಡೆಯ ಹಳ್ಳಿಗರನ್ನೇ ನಟರನ್ನಾಗಿ ಮಾಡಿಕೊಂಡ ಸಿನಿಮಾ, 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದದ್ದು. ಪ್ರಶಾಂತ್ ನೀಲ್ ಅವರ ‘ಕೆಜಿಎಫ್ 2’ ದೊಡ್ಡ ಪರದೆಗೆಂದೇ ಕಟ್ಟಿದ ಅಬ್ಬರ. ಮೊದಲನೆಯದರಲ್ಲಿ ಫೈಟ್ ಇಲ್ಲ ಎಂದು, ಎರಡನೆಯದರಲ್ಲಿ ನಿತ್ಯದ ಬದುಕಿಲ್ಲ ಎಂದು ಅಂಕ ಕಳೆಯುವುದು ಅನ್ಯಾಯ. ನಗಿಸಲು ಹೊರಟದ್ದು ನಗಿಸಿತೇ, ಹೆದರಿಸಲು ಹೊರಟದ್ದು ಹೆದರಿಸಿತೇ ಎಂದು ಮೊದಲು ಕೇಳಿ. ಹೊರಟ ದಾರಿಯೇ ಸಣ್ಣದೋ ದೊಡ್ಡದೋ ಎಂಬುದು ಎರಡನೇ ಪ್ರಶ್ನೆ.

ಹಂತ 5: ನಿಮ್ಮದೇ ಅಳತೆಗೋಲು ಮಾಡಿಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ. ಐದು ನಕ್ಷತ್ರ ಎಂದರೇನು ಎಂದು ಮಾತಿನಲ್ಲಿ ವಿವರಿಸುವುದು ಕಷ್ಟ. ಆದ್ದರಿಂದ ನೀವು ಟಾಕೀಸಿನಲ್ಲೇ ನೋಡಿದ, ಚೆನ್ನಾಗಿ ನೆನಪಿರುವ ಐದು ಸಿನಿಮಾಗಳನ್ನು ಒಂದರಿಂದ ಐದರವರೆಗೆ ಗೂಟ ನೆಟ್ಟಂತೆ ನೆಟ್ಟುಬಿಡಿ. ನನ್ನ ಐದರ ಗೂಟ ‘ತಿಥಿ’. ನಾಲ್ಕಕ್ಕೆ ಜನರ ದುಡ್ಡಿನಿಂದಲೇ ತಯಾರಾಗಿ 2013ರಲ್ಲಿ ಬಂದ ಪವನ್ ಕುಮಾರ್ ಅವರ ‘ಲೂಸಿಯಾ’. ನಿಮ್ಮ ಗೂಟಗಳು ಬೇರೆಯೇ ಇರಲಿ. ಹೊಸ ಸಿನಿಮಾ ನೋಡಿದಾಗ ಕೇಳಬೇಕಾದ್ದು ಇಷ್ಟೇ: ಇದು ಯಾವ ಗೂಟದ ಹತ್ತಿರ ನಿಲ್ಲುತ್ತದೆ?

ಹೊಸಬರಿಗೆ ಒಂದು ನಿಷ್ಠುರದ ಮಾತು. ಎರಡೂವರೆ ಕೊಡಬೇಡಿ. ಅದು ತೀರ್ಪು ಕೊಡದೆ ತಪ್ಪಿಸಿಕೊಳ್ಳುವ ಅಂಕಿ. ಇನ್ನೊಮ್ಮೆ ದುಡ್ಡು ಕೊಟ್ಟು ನೋಡುವಿರಾದರೆ ಮೂರು, ಇಲ್ಲವಾದರೆ ಎರಡು. ಮೆಚ್ಚಿನ ನಟ ಎಂದು ಐದು ಕೊಡುವುದೂ, ಎದುರು ಪಾಳಯದವನೆಂದು ಒಂದು ಕೊಡುವುದೂ ಸಿನಿಮಾದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕನ್ನಡದ್ದೆಂಬ ಕಾರಣಕ್ಕೆ ಒಂದು ಅಂಕ ಹೆಚ್ಚಿಗೆ ಸೇರಿಸುವುದನ್ನೂ ನಾನು ಒಪ್ಪುವುದಿಲ್ಲ. ಹಾಗೆ ಎರಡು ಸಲ ನಂಬಿ ಹೋಗಿ ಮೋಸಹೋದವರು ಮೂರನೇ ಸಲ ನಿಜವಾಗಿ ಒಳ್ಳೆಯ ಕನ್ನಡ ಸಿನಿಮಾ ಬಂದಾಗ ಮನೆಯಲ್ಲೇ ಉಳಿಯುತ್ತಾರೆ.

ಹಂತ 6: ಯಾರಿಗೆ ಹೇಳುತ್ತಿದ್ದೀರಿ?

2023ರ ಸೆಪ್ಟೆಂಬರಿನಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ದ ಮೊದಲ ಭಾಗ ನೋಡಿ ನನಗೆ ಎರಡು ದಿನ ನಿದ್ದೆ ಬರಲಿಲ್ಲ. ದೊಡ್ಡಮ್ಮ ಫೋನ್ ಮಾಡಿ ‘ಯಾವ್ದಾದ್ರೂ ಒಳ್ಳೆ ಪಿಕ್ಚರ್ ಇದ್ರೆ ಹೇಳೋ, ಮನಸ್ಸು ಹಗುರ ಆಗ್ಬೇಕು’ ಎಂದಾಗ ಹಿಂದೆಮುಂದೆ ನೋಡದೆ ಅದನ್ನೇ ಹೇಳಿದೆ. ಆಸ್ಪತ್ರೆ ಓಡಾಟದಲ್ಲಿ ಸೋತುಹೋಗಿದ್ದ ಆಕೆ, ಜೈಲಿಗೆ ಹೋದ ಹುಡುಗ ಮತ್ತು ಅವನಿಗಾಗಿ ಕಾಯುವ ಹುಡುಗಿಯ ಆ ಕಥೆಯನ್ನು ನೋಡಿ ಬಂದು ‘ಚೆನ್ನಾಗಿದೆ ಕಣೋ, ಆದ್ರೆ ನನಗ್ಯಾಕೆ ಹೇಳ್ದೆ?’ ಎಂದರು. ನಾನು ಕೊಟ್ಟ ಅಂಕ ತಪ್ಪಾಗಿರಲಿಲ್ಲ, ಶಿಫಾರಸು ಪೂರ್ತಿ ತಪ್ಪಾಗಿತ್ತು.

ಈಗ ಮೂರು ಸಂಗತಿ ಕೇಳಿಕೊಂಡೇ ಹೇಳುತ್ತೇನೆ: ಯಾರ ಜೊತೆ ಹೋಗುತ್ತೀರಿ, ಈಚೆಗೆ ಯಾವುದು ಹಿಡಿಸಿತು, ಎಷ್ಟು ರಕ್ತ ನೋಡಬಲ್ಲಿರಿ? ‘ಗರುಡ ಗಮನ ವೃಷಭ ವಾಹನ’ಕ್ಕೆ ನಾನು ಕೊಟ್ಟದ್ದು ನಾಲ್ಕೂವರೆ, ಆದರೂ ಮಕ್ಕಳ ಜೊತೆ ಹೋಗುವವರಿಗೆ ಅದರ ಹೆಸರೆತ್ತುವುದಿಲ್ಲ. ಮಕ್ಕಳಿದ್ದರೆ ಸೆನ್ಸಾರ್ ಪತ್ರವನ್ನೂ ನೋಡಲು ಹೇಳಿ. 2024ರ ನವೆಂಬರಿನಿಂದ ಯು/ಎ ದರ್ಜೆಯನ್ನು 7+, 13+, 16+ ಎಂದು ಮೂರಾಗಿ ವಿಂಗಡಿಸಿದ್ದಾರೆ. ಅಪ್ಪ ಅಮ್ಮಂದಿರಿಗೆ ನಮ್ಮ ನಕ್ಷತ್ರಕ್ಕಿಂತ ಅದೇ ಹೆಚ್ಚು ಉಪಯೋಗ.

ಹಂತ 7: ಕಥೆ ಹೇಳದೆ ಕಥೆಯ ರುಚಿ ಹೇಳಿ

ಮೊದಲ ಹದಿನೈದು ನಿಮಿಷದಲ್ಲಿ ಗೊತ್ತಾಗುವುದನ್ನು ಧಾರಾಳವಾಗಿ ಹೇಳಬಹುದು, ಅದರಾಚೆಗೆ ಬಾಯಿ ಕಟ್ಟಿ. ‘ತಿಥಿ’ಯ ಬಗ್ಗೆ ‘ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ಒಬ್ಬೊಬ್ಬರೂ ಒಂದೊಂದು ದಿಕ್ಕು ಹಿಡಿಯುತ್ತಾರೆ’ ಎಂದರೆ ಏನೂ ಕೆಡುವುದಿಲ್ಲ. ‘ಲೂಸಿಯಾ’ದ ಬಗ್ಗೆ ಮಾತ್ರ ‘ಕೊನೆಯಲ್ಲಿ ಒಂದು ತಿರುವಿದೆ’ ಎನ್ನುವುದೂ ತಪ್ಪು. ತಿರುವಿದೆ ಎಂದು ಗೊತ್ತಾದವನು ಸಿನಿಮಾ ನೋಡುವುದಿಲ್ಲ, ತಿರುವನ್ನೇ ಹುಡುಕುತ್ತಾ ಕೂರುತ್ತಾನೆ. ಒಂದು ಕೊರತೆಯನ್ನೂ ಸೇರಿಸಿ: ‘ಮೊದಲ ಅರ್ಧಗಂಟೆ ನಿಧಾನ, ತಾಳ್ಮೆ ಇರಲಿ.’ ಇಷ್ಟು ಕೇಳಿ ಹೋದವರು ಮಧ್ಯದಲ್ಲಿ ಎದ್ದು ಬರುವುದಿಲ್ಲ.

ಹಂತ 8: ಹೊತ್ತು ಮೀರಬೇಡಿ

ಶುಕ್ರವಾರ ಬಿಡುಗಡೆಯಾದ ಸಣ್ಣ ಸಿನಿಮಾಕ್ಕೆ ಸೋಮವಾರ ಜನ ಬರದಿದ್ದರೆ ಶೋಗಳನ್ನು ಇಳಿಸುತ್ತಾರೆ. ಉಳಿದ ಒಂದೇ ಶೋ ಬೆಳಿಗ್ಗೆ ಹತ್ತಕ್ಕೋ ರಾತ್ರಿ ಹತ್ತಕ್ಕೋ ಹೋಗುತ್ತದೆ. ಮುಂದಿನ ಶುಕ್ರವಾರ ಆ ಪರದೆ ಬೇರೆಯವರದು. ತಿಂಗಳ ನಂತರ ಓಟಿಟಿಯಲ್ಲಿ ನೋಡಿ ‘ಅಯ್ಯೋ, ಇದನ್ನು ಥಿಯೇಟರಿನಲ್ಲೇ ನೋಡಬೇಕಿತ್ತು’ ಎಂದು ಬರೆದರೆ ನಿರ್ಮಾಪಕನಿಗೂ ಉಪಯೋಗವಿಲ್ಲ, ನೋಡದೇ ಉಳಿದವರಿಗೂ ಇಲ್ಲ.

ಹಾಗಾಗಿ ಈ ವಾರ ನೋಡಿದ ಸಿನಿಮಾ ನಿಮಗೆ ಹಿಡಿಸಿದ್ದರೆ, ಅದು ಯಾರಿಗೆ ಹೊಂದುತ್ತದೆಂದು ಒಂದು ಕ್ಷಣ ಯೋಚಿಸಿ, ಅವರೊಬ್ಬರಿಗೆ ಭಾನುವಾರ ಸಂಜೆಯೊಳಗೆ ಫೋನ್ ಮಾಡಿ.