ಬೇಸಿಗೆಯ ಕೈತೋಟ: ನೀರಿಗಿಂತ ಮೊದಲು ಹೊದಿಕೆ

ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕೈತೋಟ ಬಾಡಿದರೆ ನಮ್ಮ ಕೈ ಮೊದಲು ಹೋಗುವುದು ನೀರಿನ ಪೈಪಿಗೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬುಡಕ್ಕೆ ಹೊದಿಕೆ ಹಾಕುವುದು. ಬರಿಮಣ್ಣಿನ ಮೇಲೆ ದಿನವೂ ಚಿಮುಕಿಸಿದ ನೀರು ಮೇಲ್ಪದರವನ್ನಷ್ಟೇ ತೋಯಿಸಿ ಆವಿಯಾಗುತ್ತದೆ. ಬೇರುಗಳೂ ಆ ತೇವವನ್ನೇ ನಂಬಿ ಮೇಲೇ ಉಳಿದು, ಬಿಸಿಲಿಗೆ ಬೇಗ ಸೋಲುತ್ತವೆ. 2–3 ಅಂಗುಲ ದಪ್ಪಕ್ಕೆ ತರಗೆಲೆ, ಒಣಹುಲ್ಲು ಅಥವಾ ತೆಂಗಿನ ನಾರು ಹರಡಿದರೆ ಮಣ್ಣು ತಂಪಾಗಿರುತ್ತದೆ, ಕಳೆಯೂ ಕಡಿಮೆ. ಆಮೇಲೆ ನೆಲದ ಗಿಡಗಳಿಗೆ ಎರಡು ಮೂರು ದಿನಕ್ಕೊಮ್ಮೆ, ಬೆಳಗಿನ ಹೊತ್ತು, ಆಳಕ್ಕೆ ಇಳಿಯುವಂತೆ ನೀರುಣಿಸಿದರೆ ಸಾಮಾನ್ಯವಾಗಿ ಸಾಕು. ಕುಂಡದ ಮಣ್ಣು ಬೇಗ ಒಣಗುವುದರಿಂದ ಅದನ್ನು ಮಾತ್ರ ದಿನವೂ ನೋಡಿಕೊಳ್ಳಬೇಕು.

ತರಗೆಲೆ ಹಾಕಿದರೆ ಗೆದ್ದಲು ಬರುತ್ತದಲ್ಲ ಎಂಬ ಆತಂಕಕ್ಕೆ ಕಾರಣವಿದೆ, ಒಣ ಸೊಪ್ಪುಸದೆ ಅದರ ಆಹಾರವೇ. ಆದರೆ ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು, ವಾರಕ್ಕೊಮ್ಮೆ ಹೊದಿಕೆ ಕೆದಕಿ ನೋಡಿದರೆ ಅದು ಹಬ್ಬುವ ಮೊದಲೇ ಗೊತ್ತಾಗುತ್ತದೆ. ಮಧ್ಯಾಹ್ನ ಎಲೆ ಜೋತಾಗ ನೀರು ಬೇಡವೇ ಎಂದೂ ಕೇಳಬಹುದು. ಬೇರು ಹೀರುವುದಕ್ಕಿಂತ ವೇಗವಾಗಿ ಎಲೆ ನೀರು ಬಿಟ್ಟುಕೊಟ್ಟಾಗ, ಮಣ್ಣು ಹಸಿಯಿದ್ದರೂ ಅದು ಜೋಲುತ್ತದೆ. ಸಂಜೆಗೆ ಚೇತರಿಸಿಕೊಂಡರೆ ಚಿಂತೆಯಿಲ್ಲ. ಬೆರಳನ್ನು 2 ಅಂಗುಲ ಮಣ್ಣಿಗಿಳಿಸಿ ನೋಡಿ, ಒಣಗಿದ್ದರಷ್ಟೇ ನೀರು ಕೊಡಿ. ರಸಗೊಬ್ಬರ ಹಾಕುವುದನ್ನೂ ರೆಂಬೆಗಳನ್ನು ಹೆಚ್ಚಾಗಿ ಸವರುವುದನ್ನೂ ಮುಂಗಾರಿಗೆ ಮುಂದೂಡಿ.