ಪುಲ್ಲಿಗಿಂತ ಮೊದಲು ಗಾಳಿ ತಣ್ಣಗಾಗಲಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಗುಬ್ಬಿ ಕಡೆಗೆ ಹೊರಟರೆ ಪಂಕ್ಚರ್ ಅಂಗಡಿಗಳಿಗೆ ಬರವಿಲ್ಲ. ಯಾವುದಾದರೂ ಒಂದರ ಮುಂದೆ ನಿಂತು ಅಲ್ಲಿನ ಕಂಪ್ರೆಸರನ್ನು ಸ್ವಲ್ಪ ಹೊತ್ತು ನೋಡಿ. ಮೋಟಾರಿನ ತುದಿಗೆ ಸಣ್ಣ ಪುಲ್ಲಿ, ಗಾಳಿ ಒತ್ತುವ ಸಿಲಿಂಡರಿನ ಪಕ್ಕ ದೊಡ್ಡ ಪುಲ್ಲಿ, ನಡುವೆ ಬೆಲ್ಟ್. ದೊಡ್ಡ ಪುಲ್ಲಿಯ ಕಡ್ಡಿಗಳು ಸಾಮಾನ್ಯವಾಗಿ ಫ್ಯಾನಿನ ರೆಕ್ಕೆಯಂತೆ ಓರೆಯಾಗಿದ್ದು, ತಿರುಗುತ್ತಲೇ ಸಿಲಿಂಡರಿಗೆ ಗಾಳಿ ಬೀಸುತ್ತವೆ. ಟ್ಯಾಂಕಿಗೆ ಹೋಗುವ ಪೈಪನ್ನು ಮಾತ್ರ ಮುಟ್ಟಬೇಡಿ, ಸುಡುತ್ತದೆ.

ಸೂಪರ್‌ಚಾರ್ಜರ್ ಬಗ್ಗೆ ಹೊಸಬರು ಕಲಿಯಬೇಕಾದ ಎರಡು ಪಾಠಗಳೂ ಅಲ್ಲಿಯೇ ಇವೆ. ಪುಲ್ಲಿಯ ಅಳತೆ ವೇಗವನ್ನು ತೀರ್ಮಾನಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ನನ್ನ ಬಳಿ ಬರುವ ಹುಡುಗರೆಲ್ಲ ಮೊದಲ ಪಾಠವನ್ನು ವಿಡಿಯೊ ನೋಡಿ ಕಲಿತೇ ಬಂದಿರುತ್ತಾರೆ. ಎರಡನೆಯದು ಗೊತ್ತಿರುವವರು ಕಡಿಮೆ.

ಎಂಜಿನ್ ಹೆಚ್ಚು ಶಕ್ತಿ ಕೊಡಬೇಕಾದರೆ ಹೆಚ್ಚು ಪೆಟ್ರೋಲ್ ಉರಿಯಬೇಕು, ಅದಕ್ಕೆ ಹೆಚ್ಚು ಗಾಳಿ ಬೇಕು. ಎಂಜಿನ್ನಿನ ಕ್ರ್ಯಾಂಕಿನಿಂದಲೇ ಬೆಲ್ಟ್ ಎಳೆದು ಒಂದು ಬ್ಲೋಯರ್ ತಿರುಗಿಸಿ ಗಾಳಿಯನ್ನು ಒಳಗೆ ತಳ್ಳುವುದು ಸೂಪರ್‌ಚಾರ್ಜರಿನ ಕೆಲಸ. ಟರ್ಬೊ ಮಾಡುವುದೂ ಅದನ್ನೇ, ಆದರೆ ಅದನ್ನು ತಿರುಗಿಸುವುದು ಸೈಲೆನ್ಸರ್ ಕಡೆ ಹೋಗುವ ಹೊಗೆ. ಅದಕ್ಕೆ ಬೆಲ್ಟೂ ಇಲ್ಲ, ಪುಲ್ಲಿಯೂ ಇಲ್ಲ. ಟರ್ಬೊ ಕಾರು ತಂದು “ಸಣ್ಣ ಪುಲ್ಲಿ ಹಾಕಿಕೊಡಿ ಸಾರ್” ಎನ್ನುವವರೂ ಇದ್ದಾರೆ, ಅದಕ್ಕೇ ಹೇಳಿದೆ. ನಮ್ಮ ಊರಿನ ರಸ್ತೆಗಳಲ್ಲಿ ಓಡುವ ವೇಗದ ಕಾರುಗಳಲ್ಲಿ ಟರ್ಬೊಗಳೇ ಹೆಚ್ಚು. ಸೂಪರ್‌ಚಾರ್ಜರ್ ಬೇಕೆಂದರೆ ಹಳೆಯ ಮರ್ಸಿಡಿಸ್ ಸಿ 200 ಕಂಪ್ರೆಸರ್, ಆಡಿಯ 3.0 ಟಿಎಫ್‌ಎಸ್‌ಐ, ಜಾಗ್ವಾರ್‌ನಂಥವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಬೇಕು. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಜೋಡಣೆಯಾದ ವೋಲ್ವೊ ಎಕ್ಸ್‌ಸಿ90 ಟಿ8ರಲ್ಲಿ ಸೂಪರ್‌ಚಾರ್ಜರ್ ಮತ್ತು ಟರ್ಬೊ ಎರಡೂ ಇದ್ದವು, ಆದರೆ ಅದು ಕೈ ಹಾಕಿ ಕಲಿಯುವ ಕಾರಲ್ಲ.

ಈಗ ಪುಲ್ಲಿಯ ಲೆಕ್ಕ. ಕಾಗದ, ಪೆನ್ನು ತೆಗೆದುಕೊಳ್ಳಿ. ಕ್ರ್ಯಾಂಕಿನ ಪುಲ್ಲಿ 150 ಮಿ.ಮೀ., ಬ್ಲೋಯರಿನದು 75 ಮಿ.ಮೀ. ಎಂದುಕೊಳ್ಳೋಣ. ಎಂಜಿನ್ ಒಂದು ಸುತ್ತು ತಿರುಗಿದರೆ ಬ್ಲೋಯರ್ ಎರಡು ಸುತ್ತು; ಎಂಜಿನ್ 6,500ರಲ್ಲಿದ್ದರೆ ಬ್ಲೋಯರ್ 13,000ದಲ್ಲಿ. ಬ್ಲೋಯರಿನ ಪುಲ್ಲಿಯನ್ನು 65ಕ್ಕೆ ಇಳಿಸಿ: 15,000. ಇನ್ನೂ ಆಸೆಪಟ್ಟು 60ಕ್ಕೆ ಇಳಿಸಿದರೆ 16,250. ತಯಾರಕರು ಪ್ರತಿ ಬ್ಲೋಯರಿಗೂ ಗರಿಷ್ಠ ವೇಗ ಕೊಟ್ಟಿರುತ್ತಾರೆ. ಅದು 16,000 ಇದ್ದರೆ 65 ಪಾಸು, 60 ಫೇಲು. ಬೇರಿಂಗು, ಗೇರು, ರೋಟರು ಒಂದಕ್ಕೊಂದು ತಗುಲುವ ಭಯ, ಎಲ್ಲ ಈ ಮಿತಿಯ ಆಚೆಗಿದೆ. ಈ ಲೆಕ್ಕ ಹಾಕದೆ ಪುಲ್ಲಿ ಮಾರುವ ಅಂಗಡಿಗೆ ಹೋಗಬೇಡಿ.

ಇಲ್ಲಿ ನಮ್ಮ ಜಿಲ್ಲೆಗೆ ಸೇರಿದ ಒಂದು ಮಾತು. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ ಇದ್ದರೆ ಇಲ್ಲಿ ಹೆಚ್ಚುಕಡಿಮೆ 13.3. ರೂಟ್ಸ್ ಮಾದರಿಯ ಬ್ಲೋಯರ್ ಪ್ರತಿ ಸುತ್ತಿಗೂ ಇಷ್ಟೇ ಗಾತ್ರದ ಗಾಳಿ ಎಂದು ತಳ್ಳುತ್ತದೆ. ಆ ಗಾಳಿಯೇ ತೆಳುವಾಗಿದ್ದರೆ ಅದೇನು ಮಾಡೀತು? ಮಂಗಳೂರಿನಲ್ಲಿ 6 ಪಿಎಸ್‌ಐ ಬೂಸ್ಟ್ (ಹೊರಗಿನ ಒತ್ತಡಕ್ಕಿಂತ ಮೇಲಿನ ಒತ್ತಡ) ತೋರಿಸಿದ ಕಾರು ಘಾಟಿ ಹತ್ತಿ, ಕುಣಿಗಲ್ ದಾಟಿ ತುಮಕೂರಿಗೆ ಬರುವಷ್ಟರಲ್ಲಿ ಐದೂವರೆ ತೋರಿಸುತ್ತದೆ. ಕಾರು ಕೆಟ್ಟಿಲ್ಲ. ಚೆನ್ನೈಯವರ ವಿಡಿಯೊದಲ್ಲಿ ಕಂಡ ಅಂಕಿ ನಮ್ಮ ಮೀಟರಿನಲ್ಲಿ ಬರುತ್ತಿಲ್ಲವೆಂದು ಪುಲ್ಲಿ ಸಣ್ಣದು ಮಾಡುವವರು ತಪ್ಪುವುದು ಇಲ್ಲಿಯೇ.

ಇನ್ನು ಬಿಸಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಏಪ್ರಿಲ್ ಮಧ್ಯಾಹ್ನ, ಹೊರಗೆ 38 ಡಿಗ್ರಿ. ಬ್ಲೋಯರ್ 6 ಪಿಎಸ್‌ಐ ಒತ್ತುತ್ತಿದೆ, ಅದರ ದಕ್ಷತೆ ಶೇ. 60. ಲೆಕ್ಕ ಹಾಕಿದರೆ ಹೊರಬರುವ ಗಾಳಿ ಸುಮಾರು 96 ಡಿಗ್ರಿ. 75ರ ಪುಲ್ಲಿ ತೆಗೆದು 65 ಹಾಕಿದಿರಿ, ಬೂಸ್ಟ್ ಸುಮಾರು 9ಕ್ಕೆ ಏರಿತು. ವೇಗ ಹೆಚ್ಚಾದಂತೆ ದಕ್ಷತೆ ಇಳಿಯುತ್ತದೆ, ಶೇ. 55 ಎನ್ನೋಣ. ಈಗ ಗಾಳಿ 128 ಡಿಗ್ರಿ. ಬಿಸಿ ಗಾಳಿ ಹಿಗ್ಗುತ್ತದೆ, ಅದೇ ಗಾತ್ರದಲ್ಲಿ ತೂಕ ಕಡಿಮೆ. ಎಂಜಿನ್ನಿಗೆ ಬೇಕಾದದ್ದು ತೂಕ. ಹೊರಗಿನ ಗಾಳಿಯ ಸಾಂದ್ರತೆಯನ್ನು 1 ಎಂದಿಟ್ಟುಕೊಂಡರೆ 6 ಪಿಎಸ್‌ಐನಲ್ಲಿ ಸಿಕ್ಕಿದ್ದು 1.22, 9ರಲ್ಲಿ 1.30. ಪುಲ್ಲಿಗೆ ಸುರಿದ ದುಡ್ಡಿಗೆ ಬಂದದ್ದು ಇಷ್ಟು, ಅದರಲ್ಲೂ ಬ್ಲೋಯರ್ ತಿರುಗಿಸಲು ಎಂಜಿನ್ ಕೊಟ್ಟ ಹೆಚ್ಚುವರಿ ಶಕ್ತಿಯನ್ನು ನಾನಿನ್ನೂ ಕಳೆದಿಲ್ಲ.

ಇಂಟರ್‌ಕೂಲರ್ ಇಲ್ಲದ ಈ ಕಾರಿನ ಪುಲ್ಲಿ ಮುಟ್ಟದೆ, ಅದೇ 6 ಪಿಎಸ್‌ಐಗೆ ಒಳ್ಳೆಯ ಇಂಟರ್‌ಕೂಲರ್ ಹಾಕಿ ಗಾಳಿಯನ್ನು 55 ಡಿಗ್ರಿಗೆ ಇಳಿಸಿ ನೋಡೋಣ. ಕೂಲರಿನೊಳಗೆ ಅರ್ಧ ಪಿಎಸ್‌ಐ ನಷ್ಟವಾಯಿತೆಂದರೂ ಸಾಂದ್ರತೆ 1.34. ಬೂಸ್ಟ್ ಮೀಟರಿನ ಮುಳ್ಳು ಕೆಳಗೆ, ಕಾರಿನ ಎಳೆತ ಮೇಲೆ! ಮೀಟರು ಒತ್ತಡವನ್ನು ತೋರಿಸುತ್ತದೆ. ಒತ್ತಡದಲ್ಲಿ ಒಂದು ಪಾಲು ಬರಿಯ ಬಿಸಿಯದು. ನನ್ನನ್ನು ಕೇಳಿದರೆ, ಕೈಯಲ್ಲಿರುವ ದುಡ್ಡು ಒಂದೇ ಕೆಲಸಕ್ಕೆ ಸಾಲುವುದಾದರೆ ಅದು ತಂಪಿಗೇ ಹೋಗಬೇಕು. ಕಂಪನಿಯಿಂದಲೇ ಇಂಟರ್‌ಕೂಲರ್ ಬಂದ ಕಾರಾದರೆ ಅದನ್ನು ಶುಚಿ ಮಾಡಿಸುವುದು ಮೊದಲ ಕೆಲಸ.

ಬಿಸಿ ಗಾಳಿಯ ಇನ್ನೊಂದು ಕಾಟ ನಾಕಿಂಗ್. ಪೆಟ್ರೋಲ್ ಹೊತ್ತಿಕೊಳ್ಳಬೇಕಾದ ರೀತಿ ಬಿಟ್ಟು ಮೂಲೆಯಲ್ಲಿ ತಾನಾಗಿ ಸಿಡಿಯುವುದು. ಅದನ್ನು ಗ್ರಹಿಸಿದ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರು, ಸ್ಪಾರ್ಕನ್ನು ತಡಮಾಡುತ್ತದೆ, ಶಕ್ತಿ ಇಳಿಯುತ್ತದೆ. ಇಂಡಿಯನ್ ಆಯಿಲ್ 2020ರಲ್ಲಿ 100 ಆಕ್ಟೇನ್ ಪೆಟ್ರೋಲ್ ತಂದಿತು, ಆದರೆ ಅದು ಆಯ್ದ ನಗರಗಳ ಆಯ್ದ ಬಂಕುಗಳ ಸರಕು. ಅದನ್ನೇ ನಂಬಿ ಟ್ಯೂನ್ ಮಾಡಿಸಿದ ಕಾರಿಗೆ ಗುಬ್ಬಿಯಲ್ಲಿ ಸಿಕ್ಕ ಪೆಟ್ರೋಲ್ ಹಾಕಿ ಆಕ್ಸಿಲರೇಟರ್ ತುಳಿದರೆ ಪಿಸ್ಟನ್ ಉಳಿಯುವ ಭರವಸೆ ಇಲ್ಲ. ನಿಮ್ಮೂರಿನ ಬಂಕಿನಲ್ಲಿ ಸಿಗುವುದಕ್ಕೇ ಟ್ಯೂನ್ ಮಾಡಿಸಿ.

ನಿಮ್ಮ ಕಾರು ಎಷ್ಟು ಬಿಸಿಯಾಗುತ್ತದೆಂದು ತಿಳಿಯಲು ಓಬಿಡಿ ಪೋರ್ಟಿಗೆ ಚುಚ್ಚುವ ಒಂದು ಅಗ್ಗದ ಅಡಾಪ್ಟರ್, ಮೊಬೈಲು, ಪಕ್ಕದಲ್ಲಿ ಅಂಕಿ ಬರೆದುಕೊಳ್ಳಲು ಒಬ್ಬ ಗೆಳೆಯ ಸಾಕು. ನೋಡಬೇಕಾದದ್ದು ಎಂಜಿನ್ನಿಗೆ ಹೋಗುವ ಗಾಳಿಯ ತಾಪಮಾನ. ಸೆನ್ಸರ್ ಇಂಟರ್‌ಕೂಲರಿನ ಹಿಂದಿದೆಯೋ ಮುಂದಿದೆಯೋ ಎಂದು ಮೊದಲು ವಿಚಾರಿಸಿ, ಇಲ್ಲದಿದ್ದರೆ ಅಂಕಿಗೆ ಅರ್ಥವಿಲ್ಲ. ಕುಣಿಗಲ್ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗಾಳಿ ಚೆನ್ನಾಗಿ ಬಡಿಯುವುದರಿಂದ ಆ ಅಂಕಿ ಹೊರಗಿನ ತಾಪಮಾನದ ಹತ್ತಿರ ನಿಲ್ಲುತ್ತದೆ. ಬಟವಾಡಿ ಸಿಗ್ನಲ್ಲಿನಲ್ಲಿ, ಕ್ಯಾತ್ಸಂದ್ರ ಟೋಲಿನ ಸಾಲಿನಲ್ಲಿ ನಿಂತಾಗ ಬಾನೆಟ್ಟಿನೊಳಗಿನ ಬಿಸಿ ಕೂಲರಿನ ಲೋಹಕ್ಕೇ ಇಳಿದು, ಹೊರಟ ಮೇಲೂ ಕೆಲವು ನಿಮಿಷ ಬಿಡುವುದಿಲ್ಲ. ದೇವರಾಯನದುರ್ಗದ ಏರು ಇನ್ನೊಂದು ಬಗೆ. ವೇಗವಾಗಿ ಹೋಗಬೇಕಾಗಿಲ್ಲ, ಹೋಗಲೂ ಬಾರದು. ಕಡಿಮೆ ಗೇರಿನಲ್ಲಿ ಹತ್ತಿದರೂ ಸಾಕು, ಎಂಜಿನ್ನಿಗೆ ಭಾರ ಹೆಚ್ಚು, ಎದುರು ಗಾಳಿ ಕಡಿಮೆ. ಅಲ್ಲಿ ಅಂಕಿ ಏರುತ್ತಲೇ ಹೋದರೆ ಆ ಕಾರಿಗೆ ಸಣ್ಣ ಪುಲ್ಲಿ ಈಗ ಬೇಡ.

ತಂಪು ಮಾಡುವುದೆಂದರೆ ದುಬಾರಿ ಸಾಮಾನೇ ಆಗಬೇಕಿಲ್ಲ. ಏರ್ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿಗಾಳಿಯ ಬದಲು ಹೊರಗಿನ ಗಾಳಿ ಎಳೆಯುವಂತೆ ಮಾಡಿ. ಈ ಭಾಗದಲ್ಲಿ ತೆಂಗಿನ ನಾರಿನ ಲಾರಿಗಳ ಹಿಂದೆ ಹೋಗುವ ಕಾರಿನ ರೇಡಿಯೇಟರ್ ಸಂದಿಗಳಲ್ಲಿ ಧೂಳು, ನಾರಿನ ಪುಡಿ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲನೆ ನೀರು ಬಿಟ್ಟು ತೊಳೆಸಿ. ನೀರಿನಿಂದ ತಣಿಸುವ ಇಂಟರ್‌ಕೂಲರ್ ಆದರೆ ಅದರ ಪಂಪು ತಿರುಗುತ್ತಿದೆಯೇ ಎಂದು ನೋಡಿ. ಅದಕ್ಕಾಗಲಿ ರೇಡಿಯೇಟರಿಗಾಗಲಿ ನಮ್ಮ ಬೋರ್‌ವೆಲ್ ನೀರು ಸುರಿಯಬೇಡಿ. ಗಡಸು ನೀರು ಪಾತ್ರೆಗೆ ಬಿಳಿ ಕಟ್ಟಿಸುವುದನ್ನು ಮನೆಯಲ್ಲೇ ನೋಡಿದ್ದೀರಿ, ಪೈಪಿನೊಳಗೂ ಅದೇ ಆಗುತ್ತದೆ. ಕಂಪನಿ ಹೇಳಿದ ಕೂಲಂಟೇ ಹಾಕಿ.

ಇಷ್ಟೆಲ್ಲ ಆದ ಮೇಲೂ ಪುಲ್ಲಿ ಬೇಕೆನಿಸಿದರೆ ಒಂದೊಂದೇ ಮೆಟ್ಟಿಲು ಇಳಿಯಿರಿ, 75ರಿಂದ ನೇರವಾಗಿ 65ಕ್ಕೆ ಹಾರಬೇಡಿ. ಪುಲ್ಲಿ ಚಿಕ್ಕದಾದಷ್ಟೂ ಬೆಲ್ಟಿಗೆ ಹಿಡಿತ ಕಡಿಮೆ. ಜಾರಿದರೆ ಕೀರಲು ಸದ್ದು, ಕಪ್ಪು ಪುಡಿ, ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಕುಸಿತ. ಬೆಲ್ಟಿನ ಉದ್ದ ಬದಲಾಗಬಹುದು, ಟೆನ್ಷನರ್ ಹಳೆಯದಾಗಿದ್ದರೆ ಅದನ್ನೂ ಬದಲಿಸಬೇಕು. ಕ್ರ್ಯಾಂಕಿನ ಪುಲ್ಲಿಯನ್ನು ದೊಡ್ಡದು ಮಾಡುವ ದಾರಿಯೂ ಇದೆ. ಆದರೆ ಬಹಳ ಕಾರುಗಳಲ್ಲಿ ಆ ಪುಲ್ಲಿಯೊಳಗೆ ಕ್ರ್ಯಾಂಕಿನ ನಡುಕ ಹೀರುವ ರಬ್ಬರ್ ಇರುತ್ತದೆ. ಅದನ್ನು ಕಿತ್ತು ಲೇತಿನಲ್ಲಿ ಕಡೆಸಿದ ಗಟ್ಟಿ ಅಲ್ಯೂಮಿನಿಯಂ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಹೊಸ ಪುಲ್ಲಿಗೆ ಹೊಸ ಟ್ಯೂನ್ ಬೇಕೇ ಬೇಕು. ಗಾಳಿ ಹೆಚ್ಚಿದಾಗ ಪೆಟ್ರೋಲೂ ಹೆಚ್ಚಬೇಕು, ಇಂಜೆಕ್ಟರ್ ಅಷ್ಟು ಕೊಡಬಲ್ಲದೇ ಎಂದು ಟ್ಯೂನರನ್ನು ಕೇಳಿ.

ಕೊನೆಗೆ ಕಾನೂನು. ತಯಾರಕರ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಎತ್ತಿ ಹಿಡಿದಿದೆ. ಕೆಎ-06 ಬೋರ್ಡಿನ ಕಾರಿನಲ್ಲಿ ಏನಾದರೂ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಕೇಳಿಕೊಳ್ಳಿ. ಓಡಿಸಿ ನೋಡಲೇಬೇಕೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈನಲ್ಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ಟ್ರ್ಯಾಕ್‌ಗಳಿವೆ.