ನಾನಿಯ ಉಪ್ಪುಕಂಡ ಮತ್ತು ಬರೆಯದೇ ಉಳಿದ ಎರಡು ಮಾತು



ಜೀವಶಾಸ್ತ್ರದ ತರಗತಿಯಲ್ಲಿ ಆಸ್ಮಾಸಿಸ್, ಅಂದರೆ ಅಭಿಸರಣೆ, ಹೇಳಿಕೊಡುವಾಗ ನಾನು ಒಣದ್ರಾಕ್ಷಿ ಮತ್ತು ಆಲೂಗಡ್ಡೆಯ ಉದಾಹರಣೆ ಕೊಡುತ್ತೇನೆ. ಈ ಸಲ ನನ್ನ ಮನೆಯದೇ ಒಂದು ಉದಾಹರಣೆ ಹೇಳುತ್ತೇನೆ. ಇದರಲ್ಲಿ ತಪ್ಪು ಮಾಡಿದವನು ನಾನೇ.

ನಾನು ಬೆಳೆದದ್ದು ಹುಲ್ಲಹಳ್ಳಿಯ ನಾನಿಯ ಮನೆಯಲ್ಲಿ. ಆಗ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಬಕ್ರೀದ್ ಕುರ್ಬಾನಿಯ ಮಾಂಸದಲ್ಲಿ ಬಡವರ ಪಾಲು, ನೆಂಟರ ಪಾಲು ಕೊಟ್ಟ ಮೇಲೆ ಮನೆಗೆ ಉಳಿದದ್ದರಲ್ಲಿ ನಾನಿ ಸುಖಾ ಗೋಶ್ ಮಾಡುತ್ತಿದ್ದರು. ಕನ್ನಡದಲ್ಲಿ ನಾವು ಇದನ್ನು ಉಪ್ಪುಕಂಡ ಎನ್ನುತ್ತೇವೆ. ಮಾಂಸವನ್ನು ಬೆರಳುದ್ದಕ್ಕೆ ತೆಳ್ಳಗೆ ಸೀಳಿ, ಉಪ್ಪು, ಅರಿಶಿನ ಉಜ್ಜಿ ಒಂದು ರಾತ್ರಿ ಇಡುವುದು. ಬೆಳಿಗ್ಗೆ ಬಿಟ್ಟ ನೀರನ್ನು ಚೆಲ್ಲಿ, ದಬ್ಬಣದಲ್ಲಿ ದಾರಕ್ಕೆ ಪೋಣಿಸಿ, ತೋರಣದ ಹಾಗೆ ಬಿಸಿಲಿಗೆ ಕಟ್ಟುವುದು. ಕಾಗೆ ಓಡಿಸುವ ಕೆಲಸ ಮಕ್ಕಳಾದ ನಮ್ಮದು. ಒಣಗಿದ ಮೇಲೆ ಡಬ್ಬಿಗೆ ಹಾಕಿಟ್ಟರೆ ತಿಂಗಳುಗಟ್ಟಲೆ ಇರುತ್ತಿತ್ತು. ಮಳೆಗಾಲದ ರಾತ್ರಿ ಅವರೆಕಾಳಿನ ಸಾರಿಗೆ ನಾಲ್ಕು ತುಂಡು ಬಿದ್ದರೆ ರಾಗಿಮುದ್ದೆ ಸಾಲುತ್ತಿರಲಿಲ್ಲ.

ನಾನಿಗೆ ಓದು ಬರಹ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ನನ್ನ ದೊಡ್ಡ ಮಾಮೂ 1967ರಲ್ಲಿ ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದರು: "ಮಾಂಸ 4 ಸೇರು, ಉಪ್ಪು ಅರ್ಧ ಪಾವು, ಅರಿಶಿನ 1 ತೊಲ." ಅಷ್ಟೇ. ನಾನಿಯೂ ಮಾಮೂವೂ ಈಗ ಇಲ್ಲ.

2024ರ ಬಕ್ರೀದ್ ಜೂನ್ 17ಕ್ಕೆ ಬಂತು. ಅಮ್ಮಿಗೆ ಹಳೆಯ ರುಚಿ ತೋರಿಸಬೇಕೆಂದು ನಾನು ಆ ಪುಟ ತೆಗೆದು ಕುಳಿತೆ. ಪುಸ್ತಕದ ಲೆಕ್ಕದಲ್ಲಿ ಒಂದು ಸೇರು ಎಂದರೆ 80 ತೊಲ, ಒಂದು ತೊಲ 11.66 ಗ್ರಾಂ. ಹಾಗಾದರೆ ಸೇರು 933 ಗ್ರಾಂ, ನಾಲ್ಕು ಸೇರು ಸುಮಾರು 3.73 ಕಿಲೋ. ನಮ್ಮ ಪಾಲಿನ ಮಾಂಸ ಹೆಚ್ಚುಕಡಿಮೆ ಅಷ್ಟೇ ಇತ್ತು. ಪಾವಿನ ವಿಷಯದಲ್ಲಿ ಅನುಮಾನವೇ ಇರಲಿಲ್ಲ, ನಾನಿಯ ಹಿತ್ತಾಳೆ ಪಾವು ಇನ್ನೂ ನಮ್ಮ ಅಡುಗೆಮನೆಯಲ್ಲಿದೆ. ಅರ್ಧ ಪಾವು ಕಲ್ಲುಪ್ಪು ಅಳೆದು ಉಜ್ಜಿದೆ.

ಎರಡನೇ ದಿನ ಮೋಡ ಕವಿಯಿತು, ಸಂಜೆಗೆ ತುಂತುರು. ದಾರವನ್ನು ಒಳಗೆ ತಂದು ಕಟ್ಟಿದೆ. ಮೂರನೇ ದಿನ ಮುಟ್ಟಿದರೆ ಕೈಗೆ ಅಂಟಂಟು, ಮನೆಯೆಲ್ಲ ವಾಸನೆ. ಎಲ್ಲವನ್ನೂ ಹಿತ್ತಲಲ್ಲಿ ಗುಂಡಿ ತೆಗೆದು ಹೂಳಿದೆ. ಕುರ್ಬಾನಿಯ ಮಾಂಸ. ಬೇರೆ ಯಾರಿಗಾದರೂ ಕೊಟ್ಟಿದ್ದರೆ ಅವರ ಮನೆಯಲ್ಲಿ ಒಂದು ಊಟವಾಗುತ್ತಿತ್ತು. ಅಮ್ಮಿ ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಕೆಲವು ದಿನಗಳ ಮೇಲೆ ಊರಿನ ಹಳೆಯ ದಿನಸಿ ಅಂಗಡಿಯ ಹಿರಿಯರೊಬ್ಬರಿಗೆ ಈ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಹಾಕಿದರು: "ಯಾವ ಸೇರು ಮೇಷ್ಟ್ರೇ? ಕಚ್ಚಾ ಸೇರೋ, ಪಕ್ಕಾ ಸೇರೋ?"

ನನ್ನ ತಪ್ಪು ಅಲ್ಲಿ ಗೊತ್ತಾಯಿತು. ಹಳೆಯ ಮೈಸೂರು ಸೀಮೆಯಲ್ಲಿ ತೂಕಕ್ಕೆ ಕಚ್ಚಾ ಸೇರು ಎಂಬುದೊಂದಿತ್ತು. ಅದು 24 ತೊಲ, ಅಂದರೆ 24 ಬೆಳ್ಳಿ ರೂಪಾಯಿಗಳ ತೂಕ, ಸುಮಾರು 280 ಗ್ರಾಂ. ತೂಕ ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ. 1962ರ ಹೊತ್ತಿಗೆ ಅಂಗಡಿಗಳಲ್ಲಿ ಕಿಲೋಗ್ರಾಂ ಕಡ್ಡಾಯವಾಯಿತು. ಆದರೆ ಅಡುಗೆಮನೆಯ ನಾಲಿಗೆ ಅಷ್ಟು ಬೇಗ ಬದಲಾಗುವುದಿಲ್ಲ. 1967ರಲ್ಲೂ ನಾನಿ ತಮ್ಮ ಹಳೆಯ ಸೇರಿನಲ್ಲೇ ಹೇಳಿದ್ದರು. ಅವರ ನಾಲ್ಕು ಸೇರು ಕೇವಲ 1.12 ಕಿಲೋ!

ಈಗ ಲೆಕ್ಕ ನೋಡಿ. ಅರ್ಧ ಪಾವು ಕಲ್ಲುಪ್ಪನ್ನು ತೂಗಿದಾಗ 130 ಗ್ರಾಂ ಬಂತು. ನಾನಿಯ ಮಾಂಸಕ್ಕೆ ಉಪ್ಪು ಶೇ. 12ರ ಹತ್ತಿರ. ನನ್ನದಕ್ಕೆ ಶೇ. 3.5 ಮಾತ್ರ.

ಇದರಿಂದ ಏನಾಗುತ್ತದೆ? ಹಸಿ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಹೊರಗೆ ಉಪ್ಪಿನ ಸಾಂದ್ರತೆ ಹೆಚ್ಚಾದಾಗ ಮಾಂಸದ ಜೀವಕೋಶಗಳಿಂದ ನೀರು ಹೊರಬರುತ್ತದೆ. ಬೆಳಿಗ್ಗೆ ನಾನಿ ಚೆಲ್ಲುತ್ತಿದ್ದದ್ದು ಅದೇ ನೀರು. ಬ್ಯಾಕ್ಟೀರಿಯಾದ ಕೋಶದಿಂದಲೂ ಹೀಗೆಯೇ ನೀರು ಹೋಗಿ ಅದು ಬೆಳೆಯಲಾರದು. ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರನ್ನು ಅಳೆಯಲು ವಿಜ್ಞಾನಿಗಳು 'ವಾಟರ್ ಆಕ್ಟಿವಿಟಿ' ಎಂಬ ಅಳತೆ ಬಳಸುತ್ತಾರೆ. ಶುದ್ಧ ನೀರಿಗೆ ಅದು 1, ಹಸಿ ಮಾಂಸಕ್ಕೆ ಸುಮಾರು 0.99. ಅದು 0.91ಕ್ಕಿಂತ ಇಳಿದರೆ ಆಹಾರ ಕೆಡಿಸುವ ಬಹುತೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆ. ಹೆಚ್ಚಿನ ಬೂಷ್ಟು ತಡೆಯಲು 0.80ಕ್ಕಿಂತ ಕೆಳಗೆ ಇಳಿಸಬೇಕು. ಅಲ್ಲಿಗೆ ಉಪ್ಪು ಒಂದೇ ಸಾಲದು, ಬಿಸಿಲೂ ಬೇಕು.

ಬಿಸಿಲಿನ ವಿಷಯದಲ್ಲೂ ನಾನು ಯೋಚಿಸಿರಲಿಲ್ಲ. ಹಿಜರಿ ವರ್ಷ ಚಾಂದ್ರಮಾನ, ಸುಮಾರು 354 ದಿನ. ಆದ್ದರಿಂದ ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಮಾಮೂ ಬರೆದುಕೊಂಡ 1967ರಲ್ಲಿ ಹಬ್ಬ ಬಂದದ್ದು ಮಾರ್ಚ್‌ನಲ್ಲಿ, ಸುಡುವ ಒಣ ಬಿಸಿಲಿನಲ್ಲಿ. ನಾನು ಅದೇ ಪುಟ ಹಿಡಿದು ಜೂನ್‌ನಲ್ಲಿ, ಮುಂಗಾರಿನ ತೇವದಲ್ಲಿ, ಕಪಿಲೆಯ ದಡದ ಊರಿನಲ್ಲಿ ಮಾಂಸ ಕಟ್ಟಿದ್ದೆ.

ಅಂದರೆ ಆ ಪುಟದಲ್ಲಿ ಬರೆದದ್ದೆಲ್ಲ ಸರಿಯಾಗಿತ್ತು. ಬರೆಯದೇ ಉಳಿದದ್ದು ಎರಡು ಮಾತು: ಯಾವ ಸೇರು, ಯಾವ ತಿಂಗಳು. ಅವು ಎಲ್ಲರಿಗೂ ಗೊತ್ತಿದ್ದ ಮಾತುಗಳು, ಆದ್ದರಿಂದಲೇ ಯಾರೂ ಬರೆಯಲಿಲ್ಲ. ಗೊತ್ತಿದ್ದವರು ಹೋದ ಮೇಲೆ ಅವೂ ಹೋದವು.

ಮುಂದಿನ ಮಾರ್ಚ್‌ನಲ್ಲಿ 1.12 ಕಿಲೋ ಕುರಿಮಾಂಸ ತಂದು, ಸೊಳ್ಳೆಪರದೆಯ ಬಟ್ಟೆ ಮುಚ್ಚಿ, ತಾರಸಿಯ ಮೇಲೆ ಒಣಗಿಸಿದೆ. ಐದನೇ ದಿನ ಮುರಿದರೆ ಒಣಕಡ್ಡಿಯಂತೆ ಲಟಕ್ಕೆಂದಿತು. ಅಮ್ಮಿ ಸಾರು ಮಾಡಿದರು. ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅರಿಶಿನ ಒಂದು ಚೂರು ಜಾಸ್ತಿ ಆಯ್ತು ಬೇಟಾ" ಎಂದರು. ಅಂದರೆ ಮಿಕ್ಕದ್ದು ಸರಿ ಇದೆ ಎಂದು ನಾನು ತಿಳಿದುಕೊಂಡೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ದಾದಿ, ನಾನಿ, ಅಜ್ಜಿಯರ ಹತ್ತಿರ ಒಂದಾದರೂ ಹಳೆಯ ಅಡುಗೆ ಇದ್ದೇ ಇರುತ್ತದೆ. ಈ ರಜೆಯಲ್ಲಿ ಅದನ್ನು ಬರೆದುಕೊಳ್ಳಿ. ಬರೆಯುವಾಗ ಇಷ್ಟು ಮಾಡಿ:

1. ಅವರ "ಒಂದು ಹಿಡಿ", "ಒಂದು ಪಾವು" ಎಷ್ಟೆಂದು ಅವರ ಕೈಯಿಂದಲೇ ಹಾಕಿಸಿ, ಗ್ರಾಂನಲ್ಲಿ ತೂಗಿ ಬರೆಯಿರಿ.
2. ಯಾವ ತಿಂಗಳಲ್ಲಿ, ಯಾವ ಹಬ್ಬಕ್ಕೆ ಮಾಡುತ್ತಿದ್ದರು ಎಂದು ಕೇಳಿ.
3. ಯಾವ ಒಲೆ, ಯಾವ ಪಾತ್ರೆ, ಎಷ್ಟು ಹೊತ್ತು ಎಂದು ಕೇಳಿ.
4. "ಆಯ್ತು ಎಂದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿ. ಬಣ್ಣವೋ, ವಾಸನೆಯೋ, ಸದ್ದೋ, ಅವರು ಹೇಳಿದ ಮಾತಿನಲ್ಲೇ ಬರೆಯಿರಿ.
5. ಕೆಟ್ಟರೆ ಏಕೆ ಕೆಡುತ್ತದೆ ಎಂದೂ ಕೇಳಿ. ನಾನು ಕೇಳದೆ ಬಿಟ್ಟ ಪ್ರಶ್ನೆ ಇದು.

ಬರೆದದ್ದನ್ನು ಅವರಿಗೇ ಓದಿ ಹೇಳಿ. ತಿದ್ದುವವರು ಮನೆಯಲ್ಲಿ ಇರುವಾಗಲೇ ತಿದ್ದಿಸಿಕೊಳ್ಳಿ.